ಅತಿಥಿಗೆ ಇಲ್ಲ ಎನ್ನುವ ವಿದ್ಯೆ

ಹಿಮಬೆಟ್ಟಗಳ ಸೀಮೆ ಸ್ವಾನೇತಿಯ ಆ ಮೇಲಿನ ಕೇರಿಯಲ್ಲಿ ಬಿಮುರ್ಜಾನ ಬಗ್ಗೆ ಯಾರನ್ನು ಕೇಳಿದರೂ ಒಂದೇ ಮಾತು: ಅವನ ಮನೆಗೆ ಹೋದವರು ಹಸಿದು ಬಂದದ್ದಿಲ್ಲ. ಕೇಳದಿದ್ದರೂ ಹೇಳುತ್ತಾರೆ. ಕಂಡವರ ಹೊಟ್ಟೆ ತುಂಬಿಸುವುದರಲ್ಲಿ ಅವನಿಗಿದ್ದ ಹಠ ದನ ಸಾಕುವುದರಲ್ಲಿ ಇದ್ದಿದ್ದರೆ ಕೊಟ್ಟಿಗೆ ಇಷ್ಟೊತ್ತಿಗೆ ಎರಡಂತಸ್ತಾಗಿರುತ್ತಿತ್ತು ಎಂದು ಅವನ ತಮ್ಮನ ಹೆಂಡತಿ ದರೆಜಾನ್ ಆಡಿಕೊಳ್ಳುತ್ತಿದ್ದಳು, ಅದೂ ಅವನೆದುರಿಗೇ. ಬಿಮುರ್ಜಾ ಬೇಜಾರು ಮಾಡಿಕೊಳ್ಳುವ ಆಸಾಮಿಯಲ್ಲ. "ದನಕ್ಕೇನು ಗೊತ್ತು ನನ್ನ ಕೈ ರುಚಿ" ಎಂದು ಇನ್ನೊಂದು ರೊಟ್ಟಿ ಮುರಿದು ಎದುರಿಗಿದ್ದವರ ತಟ್ಟೆಗೆ ಹಾಕುತ್ತಿದ್ದ.

ಆ ಮನೆಯ ಚಳಿಗಾಲ ಹಿಮ ಬಿದ್ದಾಗ ಶುರುವಾಗುವುದಲ್ಲ. ಆಲೂಗಡ್ಡೆ ಕಿತ್ತು ನೆಲಮಾಳಿಗೆಗೆ ಸೇರಿಸಿ, ದರೆಜಾನ್ ಕೈ ತೊಳೆದುಕೊಂಡು ಬಂದು ಊಟದ ಮೇಜಿನ ಮೇಲೆ ಕ್ಯಾಲೆಂಡರ್ ಹಾಸಿದಳೆಂದರೆ ಚಳಿಗಾಲ ಬಂದಂತೆಯೇ. ದೂರದೂರುಗಳಿಂದ ಸ್ಕೀ ಹೊತ್ತುಕೊಂಡು ಬರುವವರು ಅವರ ಮನೆಯಲ್ಲೇ ತಂಗುತ್ತಾರೆ. ಜಾರು ದಾರಿಯೂ ಇಲ್ಲದ, ಮೇಲಕ್ಕೆಳೆಯುವ ಹಗ್ಗವೂ ಇಲ್ಲದ ಬೆಟ್ಟಗಳನ್ನು ಕಾಲಿನ ಬಲದಲ್ಲೇ ಹತ್ತಿ, ಯಾರೂ ಮುಟ್ಟದ ಹಿಮದಲ್ಲಿ ಇಳಿಯುವುದು ಅವರ ಖಯಾಲಿ. ಅವರನ್ನು ಕರೆದೊಯ್ಯುವುದು ಬಿಮುರ್ಜಾ. ಬಾಲ ಹಿಡಿದಂತೆ ಕೊನೆಯಲ್ಲಿ ಹೋಗುವುದು ಅವನ ತಮ್ಮ, ಅಂದರೆ ದರೆಜಾನಳ ಗಂಡ, ಒತಾರ್. ಉಳಿದದ್ದೆಲ್ಲ, ಅಂದರೆ ಊಟ, ಹಾಸಿಗೆ, ಒದ್ದೆ ಕಾಲುಚೀಲ, ಮುನಿಸು, ಎಲ್ಲ ದರೆಜಾನಳ ಪಾಲು.

ಈ ಸಲ ಅವಳು ಯೋಜನೆಯನ್ನೇ ಬೇರೆ ಥರ ಹಾಕಿದ್ದಳು. ಜನವರಿಯಲ್ಲಿ ಪೋಲೆಂಡಿನವರು, ಫೆಬ್ರವರಿಯಲ್ಲಿ ರಾಜಧಾನಿ ತ್ಬಿಲಿಸಿಯ ಹುಡುಗ ಹುಡುಗಿಯರು, ಮಾರ್ಚ್‌ನಲ್ಲಿ ಇನ್ನೂ ಗಟ್ಟಿಯಾಗದ ಒಂದು ಗುಂಪು. ಯಾರೇ ಬರಲಿ, ಮೊದಲು ಬೆಟ್ಟವಿಲ್ಲ. ಹಳೆಯ ಕಲ್ಲಿನ ಗೋಪುರದ ಕೆಳಗಿನ ಹುಲ್ಲುಗಾವಲಿನಲ್ಲಿ ಹಿಮಕುಸಿತದ ಪಾಠ. ಎದೆಗೆ ಕಟ್ಟಿಕೊಳ್ಳುವ ಸಿಗ್ನಲ್ ಡಬ್ಬಿಯಿಂದ ಹಿಮದಡಿ ಸಿಕ್ಕಿಕೊಂಡವರನ್ನು ಹುಡುಕಬೇಕು, ಉದ್ದ ಸಲಾಕೆ ಚುಚ್ಚಿ ಜಾಗ ಗುರುತಿಸಬೇಕು, ಸಲಿಕೆಯಿಂದ ಅಗೆಯಬೇಕು, ಉಸಿರು ಕಟ್ಟುವುದರೊಳಗೆ. ಅದು ಬಂದ ಮೇಲೆಯೇ ಬೆಟ್ಟ. ಪ್ರತಿ ದೊಡ್ಡ ಹತ್ತುವಿಕೆಗೂ ಎದುರಾಗಿ ಕಾಡಿನೊಳಗಿನ ಒಂದು ಸಣ್ಣ ದಾರಿ ಗುರುತು ಮಾಡಿಟ್ಟಿದ್ದಳು. ಹಿಮದ ಮೇಲೆ ನಂಬಿಕೆ ಇಲ್ಲದ ದಿನ ಅಲ್ಲಿಗೆ, ಮರುಮಾತಿಲ್ಲ.

ಇಷ್ಟೆಲ್ಲ ಸಲೀಸಾಗಿ ಆಯಿತು. ಮುಂದೆ ನಡೆಯುವವರು ಯಾರು ಎಂಬಲ್ಲಿ ಅವಳ ಪೆನ್ಸಿಲ್ ನಿಂತುಬಿಟ್ಟಿತು.

ಕಾರಣ ಕಳೆದ ಮಾರ್ಚ್. ಆವತ್ತು ಬೆಳಿಗ್ಗೆ ಬಿಮುರ್ಜಾ ತಾನೇ ಹಿಮ ಅಗೆದು ನೋಡಿ, "ಬೋಗುಣಿ ಇವತ್ತು ಬೇಡ" ಎಂದಿದ್ದ. ಬೋಗುಣಿ ಎಂದರೆ ಊರಿನ ನೆತ್ತಿಯ ಮೇಲೆ ಬೋಗುಣಿಯ ಹಾಗೆಯೇ ತಗ್ಗಾದ ಕಡಿದಾದ ಇಳಿಜಾರು, ಹಿಮ ಅಲ್ಲಿ ರಾಶಿ ಬಿದ್ದಿರುತ್ತದೆ. ಹಲೀನಾ ಎಂಬ ಪೋಲೆಂಡಿನ ಹೆಂಗಸು, ವರ್ಷವೂ ಬರುವವಳು, ಮನೆಯವಳಂತೆಯೇ ಆಗಿದ್ದವಳು, ಗೋಗರೆದಳು. ಊರಿಗೆ ಹೊರಡುವ ಮೊದಲು ಒಂದೇ ಒಂದು ಸಲ ಎಂದಳು. ಬಿಮುರ್ಜಾ ಹೊರಟ. ಏನೂ ಆಗಲಿಲ್ಲ. ಹಾಡಿಕೊಂಡು ವಾಪಸಾದರು. ಸಂಜೆ ಊಟದ ಮೇಜಿನ ಯಜಮಾನನ ಕುರ್ಚಿಯಲ್ಲಿ ಕೂತು ಬಿಮುರ್ಜಾ, ಕುಡಿಯುವ ಮೊದಲು ಹಾರೈಕೆಯ ಮಾತಾಡುವ ರೂಢಿಯಂತೆ, ಲೋಟ ಎತ್ತಿದ. "ಹಿಮ ಬೇಡ ಅಂತು, ಅತಿಥಿ ಬೇಕು ಅಂದ್ಲು. ನಾನು ಯಾರ ಮಾತು ಕೇಳ್ಲಿ? ಹಿಮ ನಮ್ಮನೇಲಿ ಊಟ ಮಾಡತ್ತಾ?" ಎಂದ. ಮೇಜು ಗೊಳ್ಳೆಂದಿತು. ಬಟ್ಟಲು ಹಿಡಿದು ನಿಂತಿದ್ದ ದರೆಜಾನ್ ಅದನ್ನು ಬಡಿಸದೆಯೇ ಒಲೆಯ ಬಳಿಗೆ ವಾಪಸ್ ಒಯ್ದಳು. ಆವತ್ತು ಇಳಿದವರ ಸಾಲಿನ ಕೊನೆಯಲ್ಲಿ, ಬೋಗುಣಿಯ ನಟ್ಟನಡುವೆ, ಎಲ್ಲರಿಗಿಂತ ಹೆಚ್ಚು ಹೊತ್ತು ಇದ್ದವನು ಒತಾರ್.

ಅಂದಿನಿಂದ ಅವಳಿಗೆ ಒಂದೇ ಚಿಂತೆ. ಭಾವನಿಗೆ ಹಿಮ ಗೊತ್ತಿಲ್ಲದಿದ್ದರೆ ಕಲಿಸಬಹುದಿತ್ತು. ಅವನಿಗೆ ಎಲ್ಲ ಗೊತ್ತು. ಗೊತ್ತಿದ್ದೂ ಹೋಗುತ್ತಾನೆ. ಇನ್ನೊಂದು ಚಳಿಗಾಲ ಅವನನ್ನು ಮುಂದೆ ಬಿಟ್ಟರೆ ಯಾರಾದರೂ ವಾಪಸ್ ಬರುವುದಿಲ್ಲ, ಆ ಯಾರಾದರೂ ತನ್ನ ಗಂಡನೇ ಆಗಬಹುದು. ಬಿಡದಿದ್ದರೆ ಮನೆಯ ಹಿರಿಯನ ಮುಖಕ್ಕೆ ಹೊಡೆದಂತೆ. ಆ ಮನೆಯಲ್ಲಿ ಬಿಮುರ್ಜಾನಿಗೆ ಆಗದು ಎಂದವರು ಈವರೆಗೆ ಹುಟ್ಟಿರಲಿಲ್ಲ.

"ನೀನು ಹೇಳು. ನಿನ್ನಣ್ಣ" ಎಂದಳು ಒತಾರನಿಗೆ.

ಒತಾರ್ ಸ್ಕೀಯ ತಳಕ್ಕೆ ಮೇಣ ತಿಕ್ಕುತ್ತ ಕೂತಿದ್ದ. "ನನ್ನಣ್ಣ ಅಂತಾನೇ ಹೇಳಲ್ಲ."

"ನಾನು ಹೇಳ್ಬೇಕಾ ಹಾಗಾದ್ರೆ?"

"ಯಾರೂ ಹೇಳ್ಬೇಡಿ. ವಯಸ್ಸಾಗ್ತಿದೆ, ಮಂಡಿ ಹಿಡ್ಕೊಂಡು ತಾನೇ ನಿಲ್ತಾನೆ."

"ಅವರ ಮಂಡಿಗೆ ಹೊಂಚು ಹಾಕ್ಕೊಂಡು ಕೂತಿದ್ದೀಯಾ ನೀನು? ಗಂಡಸು ಅಂತ ಕಟ್ಕೊಂಡೆನಲ್ಲ."

ಒತಾರ್ ಮೇಣದ ಬಿಲ್ಲೆಯನ್ನು ಇನ್ನಷ್ಟು ಜೋರಾಗಿ ತಿಕ್ಕಿದ. ಅವನ ಜಗಳ ಯಾವಾಗಲೂ ಇಷ್ಟೇ. ಕೊನೆಗೆ, ದಪ್ಪ ಹಿಮ ಬಿದ್ದ ಮೇಲೆ, ಭಾವ ಮುಂದೆ ನಡೆಯಬಹುದೇ ಎಂದು ಹೊರಗಿನವರೊಬ್ಬರು ನೋಡಿ ಹೇಳಲಿ ಎಂದು ದರೆಜಾನ್ ಸ್ಕೀಗೆ ಹೆಸರಾದ ಊರು ಗುದೌರಿಗೆ ಫೋನು ಮಾಡಿ ತಮ್ತಾಳನ್ನು ಕರೆಸಿದಳು. ತಮ್ತಾ ಮಾರ್ಗದರ್ಶಕರಿಗೇ ಹಿಮಕುಸಿತದ ಪಾಠ ಹೇಳುವವಳು, ಮೂವತ್ತು ದಾಟಿದ್ದರೂ ಗಾಳಿಗೆ ಸುಟ್ಟ ಮೂಗಿನಿಂದಾಗಿ ಚಿಕ್ಕವಳಂತೆ ಕಾಣುವವಳು. ಅವಳು ಹುಟ್ಟಿದ್ದು ಬತೂಮಿಯಲ್ಲಿ ಎಂದು ತಿಳಿದಾಗ ಬಿಮುರ್ಜಾನಿಗಾದ ಸಂತೋಷ ಅಷ್ಟಿಷ್ಟಲ್ಲ.

"ಸಮುದ್ರದ ದಡದಲ್ಲಿ ಬೆಳೆದವಳು ನಮಗೆ ಹಿಮ ತೋರಿಸಕ್ಕೆ ಬಂದಿದ್ದೀಯಾ? ಬಾ ತಾಯಿ, ಬಾ. ಮೊದಲು ಊಟ ಮಾಡು. ಮೀನು ಸಿಗಲ್ಲ ಇಲ್ಲಿ."

"ಮೀನು ತಿಂದು ಬೇಜಾರಾಗೇ ಬೆಟ್ಟ ಹತ್ತಿದ್ದು ಮಾಮ" ಎಂದಳು ತಮ್ತಾ. ಮಾಂಸ ತುಂಬಿದ ಕುಬ್ದಾರಿ ರೊಟ್ಟಿಯನ್ನು ಬಿಸಿಬಿಸಿಯಾಗಿಯೇ ಅವಳು ಮುಗಿಸಿದ ರೀತಿ ನೋಡಿ ಬಿಮುರ್ಜಾ ಅಲ್ಲೇ ಅವಳನ್ನು ಒಪ್ಪಿಬಿಟ್ಟ.

ಮರುದಿನ ಹುಲ್ಲುಗಾವಲಿನಲ್ಲಿ ಬಿಮುರ್ಜಾನಿಗೆ ಪರೀಕ್ಷೆ. ದರೆಜಾನ್ ಒಲೆ ಬಿಟ್ಟು ನೋಡಲು ಬಂದಿದ್ದಳು. ಒತಾರ್ ಸಿಗ್ನಲ್ ಡಬ್ಬಿಯೊಂದನ್ನು ಚೀಲದಲ್ಲಿ ಸುತ್ತಿ ಎಲ್ಲೋ ಹೂತಿದ್ದ. ತಮ್ತಾ ಶುರು ಎಂದದ್ದೇ ತಡ, ಬಿಮುರ್ಜಾ ತನ್ನ ಭಾರಿ ದೇಹವನ್ನು ಆಚೀಚೆ ತಿರುಗಿಸಿ, ತನ್ನೆದೆಯ ಡಬ್ಬಿಯನ್ನು ಹಿಮದ ಮಟ್ಟಕ್ಕೆ ಇಳಿಸಿ, ಸಲಾಕೆ ಚುಚ್ಚಿ, ಅಗೆದು ತೆಗೆದ. ಒತಾರ್ ಸಿಗರೇಟು ಹಚ್ಚಲು ಕಡ್ಡಿ ಹುಡುಕುತ್ತಲೇ ಇದ್ದ. ಆಮೇಲೆ ಬಿಮುರ್ಜಾ ಎದೆಮಟ್ಟಕ್ಕೆ ಗುಂಡಿ ತೋಡಿ, ಹಿಮದ ಗೋಡೆಯನ್ನು ನೀಟಾಗಿ ಕಡಿದು, ಬೆರಳಿನಿಂದ ಮೇಲಿಂದ ಕೆಳಕ್ಕೆ ತಡವಿಕೊಂಡು ಬಂದ.

"ಇಲ್ಲಿದೆ ನೋಡು. ಸಕ್ಕರೆ ಥರ ಉದುರ್ತಿದೆ. ಇದರ ಮೇಲೆ ಗಟ್ಟಿ ಹಿಮ ಕೂತಿದೆ, ಕಾಲಿಟ್ರೆ ಪೂರ್ತಿ ಜಾರತ್ತೆ. ಮೇಲೆ ಬೋಗುಣಿಯಲ್ಲೂ ಇದೇ ಕಥೆ. ಇವತ್ತು ಅಲ್ಲಿಗೆ ನಮ್ಮ ನಾಯಿನೂ ಕಳಿಸಲ್ಲ ನಾನು."

"ನಾಯಿ ಕೇಳಲ್ಲವಲ್ಲ ಮಾಮ, ಕೇಳೋದು ಅತಿಥಿ. ಈಗ ನಾನು ಅತಿಥಿ" ಎಂದಳು ತಮ್ತಾ. ದನಿ ಬದಲಾಯಿಸಿ, ಕೈ ಜೋಡಿಸಿ, "ಬಿಮುರ್ಜಾ, ನಾಳೆ ನನ್ನ ವಿಮಾನ. ಬೋಗುಣಿ ಇಳೀಬೇಕು ಅಂತ ವರ್ಷವೆಲ್ಲ ಕನಸು ಕಂಡಿದ್ದೀನಿ" ಎಂದಳು.

ಬಿಮುರ್ಜಾ ಗಡ್ಡ ಕೆರೆದುಕೊಂಡ. "ಇವತ್ತು ಬೇಡಮ್ಮ."

"ಒಂದೇ ಒಂದ್ಸಲ."

"ಹಿಮ ಸರಿ ಇಲ್ಲ."

"ನೀವಿದ್ದೀರಲ್ಲ. ನಿಮ್ಮ ಜೊತೆ ಇದ್ರೆ ನನಗೇನು ಭಯ?"

ಬಿಮುರ್ಜಾನ ಮುಖ ಬೆಣ್ಣೆಯಂತಾಯಿತು. "ಅಷ್ಟು ಕೇಳ್ತೀಯ ಅಂದ್ರೆ... ಅಂಚಲ್ಲೇ ಹೋಗೋಣ. ಒಬ್ಬೊಬ್ರಾಗಿ. ನಡುವಿಗೆ ಹೋಗೋದು ಬೇಡ."

ತಮ್ತಾ ಕೈ ಕೆಳಗಿಳಿಸಿದಳು. ಬಿಮುರ್ಜಾ ಮೂವರ ಮುಖವನ್ನೂ ಒಂದೊಂದಾಗಿ ನೋಡಿ, "ಆಟಕ್ಕೆ ಹೇಳಿದ್ದು. ನೀನೇನು ನಿಜವಾದ ಅತಿಥಿಯಾ?" ಎಂದ.

"ನಿಜವಾದವರು ಇನ್ನೂ ಚೆನ್ನಾಗಿ ಕೇಳ್ತಾರೆ ಮಾಮ."

ಮರುದಿನ ಬೆಳಿಗ್ಗೆ ತಿಂಡಿಗೆ ಕೂತಾಗಲೇ ಅವನು ಆಣೆ ಮಾಡಿದ. ಇವತ್ತು ಅವಳ ಅಪ್ಪ ಬಂದು ಕೇಳಿದರೂ ಅಲ್ಲಾಡುವುದಿಲ್ಲ ಎಂದ. ಹುಲ್ಲುಗಾವಲಿಗೆ ಹೋದ ಮೇಲೆ ತಮ್ತಾ ಮಾತಿನಲ್ಲಿ ಅಪ್ಪನನ್ನೇ ತಂದಳು. ತೀರಿಕೊಂಡ ಅಪ್ಪ, ಅವರು ಇಳಿಯಬೇಕೆಂದು ಆಸೆಪಟ್ಟ ಇಳಿಜಾರು, ಜೇಬಿನಲ್ಲಿ ಅವರ ಫೋಟೋ. ಆ ಅಪ್ಪ ಬತೂಮಿಯಲ್ಲಿ ಗುಂಡುಕಲ್ಲಿನ ಹಾಗೆ ಬದುಕಿದ್ದಾನೆಂದು ಬಿಮುರ್ಜಾನಿಗೆ ಗೊತ್ತಿತ್ತು, ಹಿಂದಿನ ದಿನವಷ್ಟೇ ಅವನ ಆರೋಗ್ಯಕ್ಕೆ ಲೋಟ ಎತ್ತಿದ್ದ. ಆದರೂ ಕಣ್ಣು ಒರೆಸಿಕೊಂಡು ಬೂಟಿನ ಪಟ್ಟಿ ಬಿಗಿದ. ಒತಾರನಿಗೆ ನಗು ತಡೆಯಲಾಗಲಿಲ್ಲ, ಹೆಂಡತಿಯ ಮುಖ ನೋಡಿ ನಗು ನುಂಗಿಕೊಂಡ.

ಇನ್ನೊಂದು ಸಲ ನೋಡೋಣ ಎಂದಳು ತಮ್ತಾ. ಆ ಸಲ ಬಿಮುರ್ಜಾ ಹಲ್ಲು ಕಚ್ಚಿ ನಿಂತ, ಬಹಳ ಹೊತ್ತು ನಿಂತ. ದರೆಜಾನಳಿಗೆ ಎದೆಯಲ್ಲಿ ಆಸೆ ಚಿಗುರಿತು. ಆಗ ಅವನು ಹೇಳಿದ: "ಸರಿ. ನೀನಿಲ್ಲೇ ಇರು. ಮೊದಲು ನಾನೊಬ್ಬನೇ ಇಳಿದು ನೋಡ್ತೀನಿ. ಕುಸಿದ್ರೆ ನನ್ನ ಮೇಲೆ ಕುಸೀಲಿ. ಕುಸೀಲಿಲ್ಲ ಅಂದ್ರೆ ನೀನು ಬಾ."

"ಕುಸಿದ್ರೆ ನನ್ನನ್ನ ಮನೆಗೆ ಕರ್ಕೊಂಡು ಹೋಗೋರು ಯಾರು ಮಾಮ?" ಎಂದಳು ತಮ್ತಾ, ಮೆಲ್ಲಗೆ. ಬೇರೆಯವರಿಗೆ ತನ್ನ ಜೀವವನ್ನೇ ಬಡಿಸಲು ಹೊರಟವನನ್ನು ಬೈಯುವುದಾದರೂ ಹೇಗೆ? ದರೆಜಾನಳಿಗೆ ಅವನ ಮೇಲೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚಾಗಿ ಪ್ರೀತಿ ಬಂತು.

ವಾಪಸ್ ಬರುವಾಗ ತಮ್ತಾ ಅವಳ ಪಕ್ಕದಲ್ಲೇ ನಡೆದಳು. "ಅಕ್ಕ, ಹಿಮದ ವಿಷಯದಲ್ಲಿ ನಾನೇ ಅವರ ಹತ್ರ ಕಲೀಬೇಕು. ಆದ್ರೆ ಜನರನ್ನ ಕರ್ಕೊಂಡು ಹೋಗೋದು ಅವರಿಂದ ಆಗಲ್ಲ. ನಾನು ಚಳಿಗಾಲ ಪೂರ್ತಿ ಇಲ್ಲಿರಕ್ಕೆ ತಯಾರು. ಅವರಿಗೆ ಹೇಳೋದು ಮಾತ್ರ ನಿಮ್ಮ ಕೆಲಸ. ನಿಮ್ಮನೆ, ನಿಮ್ಮ ಯೋಜನೆ."

ಮೇಜಿನ ಮುಂದೆ, ಹೊರಗಿನವಳ ಎದುರಿಗೆ ಹೇಳುವಂತಿರಲಿಲ್ಲ. ದರೆಜಾನ್ ಬೆಳಿಗ್ಗೆ ಹಾಲು ಕರೆಯುವ ಹೊತ್ತಿಗೆ ಕಾದಳು. ಬಿಮುರ್ಜಾ ಹುಲ್ಲು ಹಾಕಲು ಕೊಟ್ಟಿಗೆಗೆ ಬಂದವನು ಬಕೆಟ್ಟು ಬೋರಲು ಹಾಕಿ ಕೂತ. ಹೇಳಬೇಕಾದ್ದನ್ನು ಅವಳು ಹಸುವಿನ ಹೊಟ್ಟೆಗೆ ಹಣೆ ಒತ್ತಿಕೊಂಡೇ ಹೇಳಿದಳು. ಅಡ್ಡಗೋಡೆಯ ಮೇಲೆ ದೀಪ ಇಡಲಿಲ್ಲ.

"ಭಾವ, ಈ ಚಳಿಗಾಲ ತಮ್ತಾ ಮುಂದೆ ನಡೀತಾಳೆ. ನೀವು ಬೇಡ."

ಅವನು ಕೂತಲ್ಲಿಂದಲೇ ಒಂದು ಹಿಡಿ ಹುಲ್ಲನ್ನು ಹಸುವಿನ ಮುಂದೆ ಸರಿಸಿದ. ಆಮೇಲೆ ಬಿಮುರ್ಜಾ, "ಪೋಲೆಂಡಿನವರು ನನ್ನ ನೋಡಕ್ಕೆ ಬರ್ತಾರಮ್ಮ. ಅದೊಂದು ಗುಂಪು ಕೊಡು" ಎಂದ.

"ಇಲ್ಲ ಭಾವ."

"ಬೇರೆಯವರನ್ನ ಅವಳೇ ಕರ್ಕೊಂಡು ಹೋಗ್ಲಿ. ಹಲೀನಾ ಬಂದು ಕೇಳಿದ್ರೆ ಏನು ಹೇಳ್ಲಿ ನಾನು? ಇದೊಂದು ವರ್ಷ. ಮುಂದಿನ ವರ್ಷ ನಾನೇ ಬರಲ್ಲ. ನನ್ನ ಮಂಡಿ ನೋಡು, ಎಷ್ಟು ದಿನ ಬರತ್ತೆ ಇದು?"

ದರೆಜಾನಳ ಕೈ ನಿಂತಿತು. ಮದುವೆಯಾಗಿ ಬಂದ ಹೊಸತರಲ್ಲಿ ಈ ಮನೆಯಲ್ಲಿ ಅವಳಿಗೆ ಮೊದಲು ತಟ್ಟೆ ಇಟ್ಟವನು ಇವನೇ. ತಾನು ಕೂರುವ ಮೊದಲು ಅವಳನ್ನು ಕೂರಿಸಿದವನು. ಇಂಥವನು ಒಂದು ದಿನವೂ ತನಗಾಗಿ ಏನನ್ನೂ ಕೇಳಿರಲಿಲ್ಲ. "ಹಾಗಾದ್ರೆ ಕಾಡಿನ ದಾರಿಗೆ ಮಾತ್ರ..." ಎಂಬ ಮಾತು ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು. ಬಂದ ಮೇಲೆ ಅವಳಿಗೆ ಹೊಳೆಯಿತು. ಅಂಚಲ್ಲೇ ಹೋಗೋಣ ಎಂದು ಅವನು ಅಂದದ್ದು ಇದೇ ಮಾತು. ಕಾಡಿನ ದಾರಿಯಿಂದ ಅಂಚಿಗೆ, ಅಂಚಿನಿಂದ ಬೋಗುಣಿಗೆ, ಒಂದೊಂದೇ ಸಲ ಕರಗಿಕೊಂಡು. ತಾನೂ ಅವನ ಹಾಗೆಯೇ ಮೆತ್ತಗಿನವಳು, ಅಷ್ಟೇ. ಆ ಮಾತನ್ನು ನುಂಗಿದಳು.

"ಇಲ್ಲ ಭಾವ. ಒಂದು ದಿನವೂ ಇಲ್ಲ, ಕಾಡಿಗೂ ಇಲ್ಲ."

"ನನ್ನ ಕೈಯಲ್ಲಿ ಉಂಡವರಿಗೆ ನಾನೇ ಬೇಡವಾದೆನಾ?"

"ಉಂಡವರು ಮುಂದಿನ ವರ್ಷವೂ ಬಂದು ಉಣ್ಣಬೇಕಲ್ಲ ಭಾವ, ಅದಕ್ಕೆ."

ಬಿಮುರ್ಜಾ ಎದ್ದು, ಬಕೆಟ್ಟನ್ನು ಅದರ ಜಾಗದಲ್ಲಿ ಇಟ್ಟು, ಹೊರಗೆ ಹೋದ. ದರೆಜಾನ್ ಅಲ್ಲೇ ಕೂತು ಅತ್ತಳು. ಹಸು ಒಂದು ಸಲ ತಿರುಗಿ ನೋಡಿ ಹುಲ್ಲಿಗೆ ಮರಳಿತು.

ಆಮೇಲೆ ಅವನು ಅವರ ಮೇಜಿಗೆ ಬರುವುದನ್ನು ಬಿಟ್ಟ. ಅಂಗಳದಾಚೆಯ ತನ್ನ ಕೋಣೆಯಲ್ಲಿ ತಾನೇ ಬೇಯಿಸಿಕೊಂಡ. ಸೌದೆ ಒಡೆದು ಇವರ ಬಾಗಿಲಿಗೆ ಒಟ್ಟುತ್ತಿದ್ದ, ದಾರಿಯ ಹಿಮ ಬಳಿಯುತ್ತಿದ್ದ, ಮಾತು ಮಾತ್ರ ಇಲ್ಲ. ಒತಾರ್ ಹೆಂಡತಿಯ ಮೇಲೆ ಮುನಿಸಿಕೊಂಡು ಹಾಸಿಗೆಯ ಆ ಅಂಚಿಗೆ ಹೋದ. ಅಣ್ಣನಿಗೆ ತಾನು ಹೇಳಬೇಕಾದ್ದನ್ನು ಅವಳು ಹೇಳಿದಳಲ್ಲ ಎಂಬ ನಾಚಿಕೆಗೆ ಮುನಿಸಿನ ಹೊದಿಕೆ ಹೊದಿಸಿದ್ದ ಎಂದು ಅವಳಿಗೆ ಗೊತ್ತಿತ್ತು, ಎತ್ತಿ ಆಡಲಿಲ್ಲ. ಕೇರಿಯಲ್ಲಿ ಹೆಂಗಸರು ಬಾಯಿಗೆ ಬಂದಂತೆ ಮಾತಾಡಿಕೊಂಡರು. ಅವಳಿಗೆ ತಾನು ಮಾಡಿದ್ದು ಸರಿ ಅನ್ನಿಸುತ್ತಿತ್ತು. ಯಜಮಾನನ ಕುರ್ಚಿ ಖಾಲಿ ಇರುವುದನ್ನು ನೋಡಿದಾಗ ಸರಿಯಾದದ್ದನ್ನು ಮಾಡಿ ಯಾರಿಗೆ ಏನು ಸಿಕ್ಕಿತು ಅನ್ನಿಸುತ್ತಿತ್ತು.

ಜನವರಿಯಲ್ಲಿ ಪೋಲೆಂಡಿನವರು ಬಂದಿಳಿದರು. ಹಲೀನಾ ಬಾಗಿಲಲ್ಲೇ "ಬಿಮುರ್ಜಾ ಎಲ್ಲಿ?" ಎಂದಳು. ವರ್ಷವರ್ಷ ಬಂದು ಅವಳಿಗೆ ಇಲ್ಲಿನ ಮಾತು ತಕ್ಕಮಟ್ಟಿಗೆ ಬರುತ್ತಿತ್ತು. ಹುಷಾರಿಲ್ಲ ಎಂದು ಒತಾರ್ ಸುಳ್ಳು ಹೇಳಿದ. ತಮ್ತಾ ಅವರನ್ನು ಹುಲ್ಲುಗಾವಲಿನಲ್ಲಿ ಬೆವರಿಳಿಯುವಂತೆ ಅಗೆಸಿದಳು, ಹುಡುಕಿಸಿದಳು. ಪಾಠ ಮುಗಿದ ಸಂಜೆ, ನಾಳೆ ಕಾಡಿನ ದಾರಿ, ಬೋಗುಣಿ ಈ ವಾರ ಇಲ್ಲವೇ ಇಲ್ಲ ಎಂದು ಹೇಳಿದಳು. ಯಾರಿಗೂ ಅಷ್ಟು ರುಚಿಸಲಿಲ್ಲ.

ಊಟಕ್ಕೆ ಕೂರುವಾಗ ಬಾಗಿಲು ತೆರೆಯಿತು. ಬಿಮುರ್ಜಾ ಹಬ್ಬಕ್ಕೆ ಹಾಕುವ ಕೋಟು ಹಾಕಿಕೊಂಡು, ಗಡ್ಡ ಬಾಚಿಕೊಂಡು ಬಂದು, ಯಾರ ಕಡೆಗೂ ನೋಡದೆ ತನ್ನ ಕುರ್ಚಿಯಲ್ಲಿ ಕೂತ. ಮನೆಗೆ ಅತಿಥಿಗಳು ಬಂದಿರುವಾಗ ಆ ಕುರ್ಚಿ ಖಾಲಿ ಇಡುವುದು ಅವನ ಕೈಲಾಗಲಿಲ್ಲ. ದರೆಜಾನ್ ಅವನ ಮುಂದೆ ತಟ್ಟೆ ಇಟ್ಟಳು. ಅವನು ಲೋಟ ಎತ್ತಿ ಶಾಂತಿಯ ಹೆಸರಲ್ಲಿ, ಹೋದವರ ಹೆಸರಲ್ಲಿ, ಬಂದವರ ಹೆಸರಲ್ಲಿ ಮಾತಾಡಿದ. ದನಿ ಮೊದಲಿನಂತೆಯೇ ಗಟ್ಟಿಯಾಗಿತ್ತು. ಮೇಜು ಬಿಸಿಯೇರಿತು. ದರೆಜಾನಳಿಗೆ ಎಷ್ಟೋ ದಿನಗಳ ಮೇಲೆ ಉಸಿರು ಹಗುರಾಯಿತು.

ಆಗಲೇ ಹಲೀನಾ ಕೇಳಿದ್ದು. "ಬಿಮುರ್ಜಾ, ನಾಳೆ ನೀನು ಬರ್ತೀಯಲ್ಲ? ಬೋಗುಣಿಗೆ?"

ದರೆಜಾನ್ ಒಲೆಯ ಬಳಿಯಿಂದ ತಿರುಗಿ ನೋಡಿದಳು. ತಮ್ತಾ ತಟ್ಟೆ ನೋಡಿದಳು. ಬಿಮುರ್ಜಾ ಲೋಟವನ್ನು ಕೆಳಗಿಟ್ಟ.

"ಇಲ್ಲ" ಎಂದ.

ಮಾತು ಎಲ್ಲಿಂದ ಬಂತು ಎಂಬಂತೆ ಒತಾರ್ ಸುತ್ತ ನೋಡಿದ. ಹಲೀನಾ ನಕ್ಕಳು, ಅಭ್ಯಾಸದಂತೆ. "ಒಂದೇ ಸಲ. ನಿನ್ನ ಜೊತೆ ಇಳೀಬೇಕು ಅಂತಾನೇ ಇಷ್ಟು ದೂರ ಬಂದಿದ್ದೀನಿ."

"ಗೊತ್ತಮ್ಮ. ಆದ್ರೂ ಇಲ್ಲ." ಅವನ ಹಣೆಯ ಮೇಲೆ ಬೆವರು ಕಾಣಿಸಿತು. ಎರಡೂ ಅಂಗೈಗಳನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಊರಿದ್ದ. "ಇನ್ನೊಂದ್ಸಲ ಕೇಳ್ಬೇಡ ಹಲೀನಾ. ಕೇಳಿದ್ರೆ ಎದ್ದು ಹೊರಟುಬಿಡ್ತೀನಿ ನಾನು. ನನ್ನ ರೋಗ ಅದು. ಈ ಮನೇಲಿ ನನ್ನನ್ನ ಮುಂದೆ ಬಿಡಬಾರದು ಅಂತ ನನ್ನ ತಮ್ಮನ ಹೆಂಡತಿ ತೀರ್ಮಾನ ಮಾಡಿದ್ದಾಳೆ. ಸರಿಯಾಗೇ ಮಾಡಿದ್ದಾಳೆ. ನಾನು ಯಾವತ್ತೂ ಅತಿಥಿಗಳ ಹತ್ರ ಏನೂ ಬೇಡಿದವನಲ್ಲ. ಇವತ್ತು ಬೇಡ್ತಿದ್ದೀನಿ."

ಹಲೀನಾಳ ಮುಖದ ನಗು ನಿಧಾನವಾಗಿ ಇಳಿಯಿತು. ಅವಳು ಅವನನ್ನೂ, ದರೆಜಾನಳನ್ನೂ, ಮತ್ತೆ ಅವನನ್ನೂ ನೋಡಿದಳು.

"ಮಾರ್ಚ್‌ನಲ್ಲಿ ನಾವು ಹೋದ ದಿನ," ಎಂದಳು, "ಆವತ್ತು ಅಷ್ಟು ಅಪಾಯ ಇತ್ತಾ?"

"ಇತ್ತು."

"ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು."

"ದಾರಿ ಪೂರ್ತಿ ಹಾಡ್ತಾ ಇದ್ದೆಯಲ್ಲ ನೀನು."

"ಹೂಂ," ಎಂದ ಬಿಮುರ್ಜಾ. "ನಿನಗೆ ಭಯ ಆಗಬಾರದು ಅಂತ."